ಟ್ರಿಪ್ ಸಿಗ್ನಲ್, ಕ್ಯಾಮೆರಾ ಎರಡೂ ಒಂದೇ ಸ್ವಿಚ್‌ನಲ್ಲಿ ಓಡಬಹುದಾ?

ಬೇ_ನಂಬರ್_4 | ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಒಂದು 220 ಕೆವಿ ಸಬ್‌ಸ್ಟೇಷನ್‌ನಲ್ಲಿ ಪ್ರೊಟೆಕ್ಷನ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಅಂದರೆ ಫಾಲ್ಟ್ ಬಂದಾಗ ರಿಲೇ ಅದನ್ನು ಗುರುತಿಸಿ, ತೆರೆ ಅಂತ ಬ್ರೇಕರ್‌ಗೆ ಟ್ರಿಪ್ ಸಿಗ್ನಲ್ ಕೊಡುವ ವ್ಯವಸ್ಥೆ. ಹಳೇ ರಿಲೇ ಪ್ಯಾನೆಲ್‌ಗಳನ್ನು ತೆಗೆದು ಐಇಸಿ 61850 (ಸಬ್‌ಸ್ಟೇಷನ್ ಉಪಕರಣಗಳು ನೆಟ್‌ವರ್ಕ್ ಮೇಲೆ ಮಾತಾಡುವ ಮಾನದಂಡ) ಸಿಸ್ಟಮ್ ಹಾಕುವ ಕೆಲಸ ಶುರುವಾಗುತ್ತಿದೆ. ಇಂಟರ್‌ಲಾಕ್ (ಉಪಕರಣ ತಪ್ಪು ಕ್ರಮದಲ್ಲಿ ಓಡದಂತೆ ತಡೆ), ಬ್ರೇಕರ್ ಫೇಲ್ ಟ್ರಿಪ್ (ಒಂದು ಬ್ರೇಕರ್ ತೆರೆಯದಿದ್ದರೆ ಸುತ್ತಲಿನವನ್ನು ತೆರೆಸುವುದು), ಬಸ್‌ಬಾರ್ (ಲೈನ್‌ಗಳೆಲ್ಲ ಸೇರುವ ಮುಖ್ಯ ಕಂಬಿ) ಸ್ಕೀಮ್‌ಗೆ ಹೋಗುವ ಸ್ಟೇಟಸ್ ಎಲ್ಲ ಇಷ್ಟು ದಿನ ತಾಮ್ರದ ವೈರ್‌ನಲ್ಲಿತ್ತು. ಇನ್ನು ಗೂಸ್ ಅನ್ನುವ, ರಿಲೇಯಿಂದ ರಿಲೇಗೆ ತಕ್ಷಣ ಹೋಗುವ ಮೆಸೇಜ್ ಆಗಿ ಈಥರ್ನೆಟ್ ಮೇಲೆ ಹೋಗುತ್ತದೆ.

ಇಲ್ಲಿವರೆಗೆ ನನ್ನ ತಕರಾರಿಲ್ಲ. ಆದರೆ ಕಳೆದ ವಾರದ ಮೀಟಿಂಗ್‌ನಲ್ಲಿ ಹೊಸ ಮಾತು ಬಂತು. ಸ್ವಿಚ್‌ಯಾರ್ಡ್ ಕ್ಯಾಮೆರಾ, ಐಪಿ ಫೋನ್, ಆಫೀಸ್ ಕಂಪ್ಯೂಟರ್ ಎಲ್ಲವನ್ನೂ ಅದೇ ನೆಟ್‌ವರ್ಕ್ ಸ್ವಿಚ್‌ಗಳಿಗೆ ಹಾಕೋಣ, ವಿಲ್ಯಾನ್ (ಒಂದೇ ಸ್ವಿಚ್ ಒಳಗೆ ಸೆಟ್ಟಿಂಗ್‌ನಿಂದ ಮಾಡುವ ಪ್ರತ್ಯೇಕ ನೆಟ್‌ವರ್ಕ್) ಬೇರೆ ಮಾಡಿದರೆ ಸಾಕು ಅಂತ. ಸ್ವಿಚ್ ಕಡಿಮೆ, ಫೈಬರ್ ಕಡಿಮೆ, ಪ್ಯಾನೆಲ್ ಕಡಿಮೆ. ಕೇಳಿದವರೆಲ್ಲ ತಲೆ ಆಡಿಸಿದರು.

ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ. ಹೋದ ತಿಂಗಳು ಈಗಿರುವ ಸ್ಕಾಡಾ (ದೂರದಿಂದ ರೀಡಿಂಗ್ ನೋಡುವ, ಕಂಟ್ರೋಲ್ ಮಾಡುವ ವ್ಯವಸ್ಥೆ) ನೆಟ್‌ವರ್ಕ್‌ನಲ್ಲೇ ಒಂದು ಘಟನೆ ಆಯಿತು. ಪ್ಯಾನೆಲ್ ಒಳಗೆ ಧೂಳು ಒರೆಸುವಾಗ ಒಂದು ಪ್ಯಾಚ್ ಕಾರ್ಡ್‌ನ ತುದಿ ನೇತಾಡುತ್ತಿತ್ತು. ಯಾರೋ ಅದು ಕಳಚಿಕೊಂಡಿದೆ ಅಂದುಕೊಂಡು ಖಾಲಿ ಪೋರ್ಟ್‌ಗೆ ಚುಚ್ಚಿದ್ದಾರೆ. ಇನ್ನೊಂದು ತುದಿ ಅದೇ ಸ್ವಿಚ್‌ನಲ್ಲೇ ಇತ್ತು. ಹೀಗೆ ಲೂಪ್ ಆದರೆ ಅದೇ ಫ್ರೇಮ್‌ಗಳು (ಡೇಟಾ ಕಟ್ಟುಗಳು) ಸುತ್ತುತ್ತಾ ಹೆಚ್ಚುತ್ತಲೇ ಹೋಗುತ್ತವೆ, ಅದನ್ನೇ ಸ್ಟಾರ್ಮ್ ಅನ್ನುವುದು. ಎಲ್ಲ ಹಸಿರು ದೀಪಗಳೂ ಒಟ್ಟಿಗೆ ಪಟಪಟ ಮಿನುಗತೊಡಗಿದವು. ಸ್ಕ್ರೀನ್ ಮೇಲೆ ರೀಡಿಂಗ್ ನಿಂತೇ ಹೋಯಿತು. ಹನ್ನೊಂದು ನಿಮಿಷ! ಆ ಹೊತ್ತಲ್ಲಿ ಲೈನ್‌ನಲ್ಲಿ ಫಾಲ್ಟ್ ಬರಲಿಲ್ಲ. ಬಂದಿದ್ದರೂ ಟ್ರಿಪ್ ತಾಮ್ರದಲ್ಲಿತ್ತು, ಬ್ರೇಕರ್ ತೆರೆಯುತ್ತಿತ್ತು. ಹೊಸ ಸಿಸ್ಟಮ್‌ನಲ್ಲಿ ಹೀಗಾದರೆ?

ಪ್ರಶ್ನೆ ಎರಡೇ. ನೆಟ್‌ವರ್ಕ್ ಮೇಲಿನ ಟ್ರಿಪ್ ಅನ್ನು ನಂಬಬಹುದಾ? ವಿಲ್ಯಾನ್ ಒಂದೇ ಸಾಕಾ?

ಟೆಸ್ಟ್‌ಕಿಟ್ | 9:20

ಮೊದಲನೆಯದಕ್ಕೆ ಹೌದು. ಎರಡನೆಯದಕ್ಕೆ ಇಲ್ಲ.

ಹಳೇ_ಕ್ಯಾರಿಯರ್ | 9:41

ಮೊದಲನೆಯದಕ್ಕೂ ಇಲ್ಲ ಅಂತಲೇ ನಾನು ಹೇಳುತ್ತೇನೆ. ಮೂವತ್ತು ವರ್ಷ ತಾಮ್ರದ ಜೊತೆ ಕೆಲಸ ಮಾಡಿದವನು. ಟ್ರಿಪ್ ವೈರ್ ಅಂದರೆ ಒಂದು ಕಡೆ ಕಾಂಟ್ಯಾಕ್ಟ್, ಇನ್ನೊಂದು ಕಡೆ ಬ್ರೇಕರ್ ತೆರೆಸುವ ಕಾಯಿಲ್. ಮಧ್ಯೆ ಯಾರೂ ಇಲ್ಲ. ಮೀಟರ್ ಇಟ್ಟರೆ ವೋಲ್ಟೇಜ್ ಕಾಣುತ್ತದೆ. ಈ ಸ್ವಿಚ್ ಒಳಗೆ ಏನು ನಡೆಯುತ್ತಿದೆ ಅಂತ ಯಾವ ಮೀಟರ್ ಇಟ್ಟು ನೋಡುವುದು? ಹನ್ನೊಂದು ನಿಮಿಷ ಸತ್ತು ಬಿದ್ದಿತ್ತು ಅಂತ ನೀವೇ ಬರೆದಿದ್ದೀರಿ.

ಟೆಸ್ಟ್‌ಕಿಟ್ | 9:55

ಸರ್, ಗೌರವ ಇಟ್ಟುಕೊಂಡೇ ಒಂದು ಮಾತು. ಆ ತಾಮ್ರದ ವೈರ್ ಟರ್ಮಿನಲ್‌ನಲ್ಲಿ ಸಡಿಲ ಆಗಿದ್ದರೆ ಯಾವಾಗ ಗೊತ್ತಾಗುತ್ತದೆ? ಟ್ರಿಪ್ ಕಾಯಿಲ್‌ಗೆ ಸೂಪರ್‌ವಿಷನ್ ರಿಲೇ ಇರುತ್ತದೆ, ಒಪ್ಪುತ್ತೇನೆ. ಆದರೆ ಬ್ರೇಕರ್ ಫೇಲ್ ಇನಿಷಿಯೇಷನ್ ವೈರ್‌ಗೆ? ಇಂಟರ್‌ಲಾಕ್ ವೈರ್‌ಗೆ? ಮುಂದಿನ ಟೆಸ್ಟಿಂಗ್ ತನಕ ಅದು ತುಂಡಾಗಿ ಕೂತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಾನೇ ಒಂದು ಸಲ ಹಾಗೆ ಹಿಡಿದಿದ್ದೇನೆ. ಫೆರುಲ್ (ವೈರ್ ತುದಿಯ ಗುರುತು) ನಂಬರ್ ಸರಿ ಇತ್ತು, ಸ್ಕ್ರೂ ಬಿಗಿ ಇತ್ತು. ಆದರೆ ಸ್ಕ್ರೂ ಕಚ್ಚಿದ್ದು ತಾಮ್ರವನ್ನಲ್ಲ, ಮೇಲಿನ ಇನ್ಸುಲೇಷನ್ ಅನ್ನು. ಎಷ್ಟು ವರ್ಷದಿಂದ ಹಾಗಿತ್ತೋ.

ಗೂಸ್‌ನಲ್ಲಿ ಮೆಸೇಜ್ ಸುಮ್ಮನಿದ್ದಾಗಲೂ ಬರುತ್ತಲೇ ಇರುತ್ತದೆ. ಬರುವುದು ನಿಂತರೆ ಕೇಳುವ ಕಡೆಯ ರಿಲೇ ಕೆಲವೇ ಸೆಕೆಂಡಿನಲ್ಲಿ ಅಲಾರಂ ಕೊಡುತ್ತದೆ. ತುಂಡಾದ ಕ್ಷಣದಲ್ಲೇ ಗೊತ್ತಾಗುವ ವೈರ್ ಅಂದುಕೊಳ್ಳಿ. ನಾನು ಅದನ್ನೇ ಜಾಸ್ತಿ ನಂಬುತ್ತೇನೆ.

ಹೊಸಬ_22 | 10:03

ಕ್ಷಮಿಸಿ, ನಾನು ಕೆಲಸಕ್ಕೆ ಸೇರಿ ಆರು ತಿಂಗಳಾಯಿತು. ಈ ಗೂಸ್ ಟಿಸಿಪಿ ಮೇಲೆ ಹೋಗುತ್ತದಾ? ತಲುಪಿತು ಅಂತ ಉತ್ತರ ಬರುತ್ತದಾ?

ಟೆಸ್ಟ್‌ಕಿಟ್ | 10:15

ಇಲ್ಲ. ಗೂಸ್‌ಗೆ ಐಪಿ ಅಡ್ರೆಸ್ಸೇ ಇಲ್ಲ. ಸೀದಾ ಈಥರ್ನೆಟ್ ಫ್ರೇಮ್, ಈಥರ್‌ಟೈಪ್ (ಫ್ರೇಮ್ ಯಾವ ಬಗೆಯದು ಅಂತ ಹೇಳುವ ಸಂಖ್ಯೆ) 88ಬಿ8. ಮಲ್ಟಿಕಾಸ್ಟ್ ಆಗಿ ಕೂಗಿ ಹೇಳುತ್ತದೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ. ಅದರ ಬದಲು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತದೆ.

ಒಳಗೆ ಎರಡು ಎಣಿಕೆ ಇರುತ್ತವೆ. ಬ್ರೇಕರ್ ಸ್ಥಿತಿ ಬದಲಾದರೆ ಸ್ಟೇಟ್ ನಂಬರ್ ಒಂದು ಹೆಚ್ಚುತ್ತದೆ, ಸೀಕ್ವೆನ್ಸ್ ನಂಬರ್ ಸೊನ್ನೆಗೆ ಬರುತ್ತದೆ. ಆಮೇಲೆ ಕೆಲವು ಮಿಲಿಸೆಕೆಂಡ್ ಅಂತರದಲ್ಲಿ ಪಟಪಟ ಕಳಿಸಿ, ಬರಬರುತ್ತಾ ಅಂತರ ಹೆಚ್ಚಿಸಿಕೊಂಡು ಕೊನೆಗೆ ಒಂದು ನಿಧಾನದ ಲಯಕ್ಕೆ ಬರುತ್ತದೆ. ಒಂದು ಫ್ರೇಮ್ ಕಳೆದುಹೋದರೂ ಹಿಂದೆಯೇ ಇನ್ನೊಂದು ಇರುತ್ತದೆ. ಪ್ರತಿ ಮೆಸೇಜ್ ಒಳಗೂ ಇದು ಎಷ್ಟು ಹೊತ್ತು ಮಾನ್ಯ ಅಂತ ಬರೆದಿರುತ್ತದೆ. ಅಷ್ಟರಲ್ಲಿ ಮುಂದಿನದು ಬರದಿದ್ದರೆ ಅಲಾರಂ. ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ ಕ್ಯಾಪ್ಚರ್ ಮಾಡಿ ನೋಡಿ, ಐದು ನಿಮಿಷದಲ್ಲಿ ಅರ್ಥ ಆಗುತ್ತದೆ.

ಪೋರ್ಟ್_ಮಿರರ್ | 10:22

ಹಾಗಾದರೆ ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟ್‌ಗೆ ಮಾತ್ರ ಮಲ್ಟಿಕಾಸ್ಟ್ ಕಳಿಸುವ ಸೌಲಭ್ಯ) ಆನ್ ಮಾಡಿದರೆ ಸಾಕು, ಬೇಡದ ಪೋರ್ಟ್‌ಗೆ ಗೂಸ್ ಹೋಗುವುದಿಲ್ಲ.

ಸ್ವಿಚ್‌ಪೋರ್ಟ್ | 10:40

ಅದು ಆಗುವುದಿಲ್ಲ. ಐಜಿಎಂಪಿ ಇರುವುದು ಐಪಿ ಮಲ್ಟಿಕಾಸ್ಟ್‌ಗೆ. ಗೂಸ್‌ಗೆ ಐಪಿ ಇಲ್ಲ ಅಂತ ಈಗಷ್ಟೇ ಹೇಳಿದರಲ್ಲ. ಅದಕ್ಕೆ ವಿಲ್ಯಾನ್ ಅಥವಾ ಕೈಯಿಂದ ಬರೆದ ಮಲ್ಟಿಕಾಸ್ಟ್ ಫಿಲ್ಟರ್ ಬೇಕು.

ಮೂಲ ಪ್ರಶ್ನೆಗೆ ಬರುತ್ತೇನೆ. ನಾನು ಹತ್ತು ವರ್ಷದಿಂದ ಇದೇ ನೆಟ್‌ವರ್ಕ್ ಕೆಲಸದಲ್ಲಿದ್ದೇನೆ. ಬರೀ ತಡದ ಲೆಕ್ಕ ಹಿಡಿದರೆ ಕ್ಯಾಮೆರಾ ದೊಡ್ಡ ತೊಂದರೆಯೇ ಅಲ್ಲ. ಗೂಸ್‌ಗೆ ಸಾಮಾನ್ಯವಾಗಿ ಪ್ರಯಾರಿಟಿ 4 ಕೊಡುತ್ತೇವೆ, ಸ್ವಿಚ್ ಅದನ್ನು ಸಾಲಿನಲ್ಲಿ ಮುಂದೆ ಬಿಡುತ್ತದೆ. ಆಗಲೇ ಹೊರಟ ಫ್ರೇಮನ್ನು ಮಾತ್ರ ಅರ್ಧಕ್ಕೆ ನಿಲ್ಲಿಸುವುದಿಲ್ಲ. 100 ಎಂಬಿಪಿಎಸ್ ಪೋರ್ಟ್‌ನಲ್ಲಿ ಕ್ಯಾಮೆರಾದ ಒಂದು ದೊಡ್ಡ ಫ್ರೇಮ್ ಹೊರಗೆ ಹೋಗಲು ಸುಮಾರು 123 ಮೈಕ್ರೋಸೆಕೆಂಡ್ ಬೇಕು. ಕ್ಯಾಮೆರಾದಿಂದಾಗಿ ಒಂದು ಸ್ವಿಚ್‌ನಲ್ಲಿ ಗೂಸ್ ಕಾಯುವುದು ಹೆಚ್ಚೆಂದರೆ ಅಷ್ಟೇ. ಹತ್ತು ಸ್ವಿಚ್ ದಾಟಿದರೂ 1.2 ಮಿಲಿಸೆಕೆಂಡ್ ಚಿಲ್ಲರೆ. ಟ್ರಿಪ್‌ಗೆ ಇರುವ ಗಡುವು 3 ಮಿಲಿಸೆಕೆಂಡ್.

ಅದಕ್ಕೇ ಸ್ವಿಚ್ ಮಾರುವವರು ಧೈರ್ಯವಾಗಿ ಎಲ್ಲವನ್ನೂ ಒಂದರಲ್ಲೇ ಹಾಕಿ ಅನ್ನುತ್ತಾರೆ. ಲೆಕ್ಕ ಸರಿ ಇದೆ. ಆದರೂ ನಾನು ಹಾಕುವುದಿಲ್ಲ. ಕ್ಯಾಮೆರಾದ ಕೇಬಲ್ ಎಲ್ಲಿ ಮುಗಿಯುತ್ತದೆ ಅಂತ ಯೋಚಿಸಿ. ಬೇಲಿ ಪಕ್ಕದ ಕಂಬದ ಮೇಲೆ! ನಿಮ್ಮ ಟ್ರಿಪ್ ಓಡುವ ಸ್ವಿಚ್‌ನಿಂದ ಹೊರಟ ಒಂದು ವೈರ್ ಬೀಗ ಹಾಕಿದ ಕೋಣೆ ದಾಟಿ, ಏಣಿ ಇಟ್ಟರೆ ಕೈಗೆ ಸಿಗುವ ಜಾಗದಲ್ಲಿ ಇರುತ್ತದೆ. ಮಧ್ಯೆ ಇರುವ ಗೋಡೆ ಅಂದರೆ ಕಾನ್ಫಿಗರೇಷನ್ ಫೈಲ್‌ನ ಒಂದು ಸಾಲು. ಕ್ಯಾಮೆರಾ ಕೆಟ್ಟಾಗ ಆ ಸಾಲನ್ನು ತಿದ್ದಲು ಬರುವವರಿಗೆ ಬ್ರೇಕರ್ ಫೇಲ್ ಅಂದರೆ ಏನು ಅಂತ ಗೊತ್ತಿರುವುದಿಲ್ಲ.

ಟೆಸ್ಟ್‌ಕಿಟ್ | 10:58

ಒಂದು ತಿದ್ದುಪಡಿ. ಆ 3 ಮಿಲಿಸೆಕೆಂಡ್ ಬರೀ ನೆಟ್‌ವರ್ಕ್‌ಗೆ ಅಲ್ಲ. ಕಳಿಸುವ ರಿಲೇ ಮೆಸೇಜ್ ಕಟ್ಟುವ ಸಮಯ, ಕೇಳುವ ರಿಲೇ ಬಿಚ್ಚಿ ಓದುವ ಸಮಯ ಎರಡೂ ಸೇರಿ 3. ನೆಟ್‌ವರ್ಕ್ ಪಾಲು ಅದರಲ್ಲಿ ಚಿಕ್ಕದು. ಹಾಗಾಗಿ 1.2 ಅಂದರೆ ಚಿಲ್ಲರೆ ಅಲ್ಲ, ಬಹಳವೇ ಆಯಿತು.

ಸ್ವಿಚ್‌ಪೋರ್ಟ್ | 11:02

ಸರಿ, ಒಪ್ಪಿದೆ. ಅದಕ್ಕೇ ಸ್ವಿಚ್‌ನಿಂದ ಸ್ವಿಚ್‌ಗೆ ಗಿಗಾಬಿಟ್ ಕೇಳುವುದು. ಅಲ್ಲಿ ಅದೇ ಫ್ರೇಮ್ 12 ಮೈಕ್ರೋಸೆಕೆಂಡ್‌ನಲ್ಲಿ ಹೋಗುತ್ತದೆ.

ಡಿಸಿಎಸ್_ಡೆಸ್ಕ್ | ಮಂಗಳವಾರ, ಬೆಳಿಗ್ಗೆ 6:50

ನೈಟ್ ಶಿಫ್ಟ್ ಮುಗಿಸಿ ಓದುತ್ತಿದ್ದೇನೆ. ನಾನು ಪವರ್ ಪ್ಲಾಂಟ್ ಕಡೆಯವಳು. ಬಾಯ್ಲರ್, ಟರ್ಬೈನ್ ಕಂಟ್ರೋಲ್ ನೆಟ್‌ವರ್ಕ್ ನಮ್ಮದು. ಬೇ_ನಂಬರ್_4 ಅವರ ಹನ್ನೊಂದು ನಿಮಿಷದ ಕಥೆ ಓದಿದಾಗ ಅಮೆರಿಕದ ಬ್ರೌನ್ಸ್ ಫೆರಿ ಅಣು ವಿದ್ಯುತ್ ಸ್ಥಾವರದ ಘಟನೆ ನೆನಪಾಯಿತು.

2006ರ ಆಗಸ್ಟ್ 19. ಅಲ್ಲಿನ 3ನೇ ಯೂನಿಟ್‌ನಲ್ಲಿ ರಿಯಾಕ್ಟರ್‌ಗೆ ನೀರು ಸುತ್ತಿಸುವ ಎರಡೂ ರೀಸರ್ಕ್ಯುಲೇಷನ್ ಪಂಪ್ ನಿಂತುಹೋದವು. ಆಪರೇಟರ್‌ಗಳು ಕೈಯಾರೆ ರಿಯಾಕ್ಟರ್ ಬಂದ್ ಮಾಡಬೇಕಾಯಿತು. ಪಂಪ್ ಕೆಟ್ಟಿರಲಿಲ್ಲ, ಮೋಟಾರ್ ಕೆಟ್ಟಿರಲಿಲ್ಲ. ಪ್ಲಾಂಟ್‌ನ ಈಥರ್ನೆಟ್‌ನಲ್ಲಿ ಟ್ರಾಫಿಕ್ ವಿಪರೀತ ಆಗಿ, ಆ ಪಂಪ್‌ಗಳ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಸಾಧನ) ಕಂಟ್ರೋಲರ್‌ಗಳು ಉಸಿರುಗಟ್ಟಿ ನಿಂತವು. ಕಂಡೆನ್ಸೇಟ್ ಡಿಮಿನರಲೈಸರ್‌ನ (ನೀರು ಶುದ್ಧ ಮಾಡುವ ಘಟಕ) ಪಿಎಲ್‌ಸಿ ಕಂಟ್ರೋಲರ್ ಕೂಡ ಅದೇ ಹೊತ್ತಿಗೆ ಕೈಕೊಟ್ಟಿತ್ತು. ಈ ಬಗ್ಗೆ ಅಲ್ಲಿನ ಅಣು ನಿಯಂತ್ರಣ ಆಯೋಗ 2007ರಲ್ಲಿ ಎಲ್ಲ ಸ್ಥಾವರಗಳಿಗೂ ಎಚ್ಚರಿಕೆ ಪತ್ರ ಕಳಿಸಿತು.

ನೋಡಿ, ಎರಡು ಪಂಪ್ ಇದ್ದವು, ಎರಡು ಕಂಟ್ರೋಲರ್ ಇದ್ದವು. ಒಂದು ಹೋದರೂ ಇನ್ನೊಂದು ನಡೆಯಬೇಕಿತ್ತು. ಆದರೆ ಎರಡೂ ಕೇಳುತ್ತಿದ್ದ ನೆಟ್‌ವರ್ಕ್ ಒಂದೇ. ಆ ಘಟನೆ ಓದಿದ ಮೇಲೆ ನಾನು ಯಾವ ಡ್ರಾಯಿಂಗ್ ಬಂದರೂ ಮೊದಲು ಅದನ್ನೇ ಹುಡುಕುತ್ತೇನೆ. ಎರಡು ಅಂತ ಬರೆದಿರುವುದು ಎಲ್ಲಿ ಒಂದಾಗುತ್ತದೆ?

ಪೋರ್ಟ್_ಮಿರರ್ | 7:15

ಮೇಡಂ, ಅದಕ್ಕೇ ಅಲ್ವಾ ಪಿಆರ್‌ಪಿ ಬಂದಿದ್ದು? ರಿಲೇಗೆ ಎರಡು ಪೋರ್ಟ್, ಒಂದೇ ಫ್ರೇಮ್ ಎರಡು ಪ್ರತಿ, ಎ ನೆಟ್‌ವರ್ಕ್ ಒಂದು, ಬಿ ನೆಟ್‌ವರ್ಕ್ ಇನ್ನೊಂದು. ಮೊದಲು ಬಂದದ್ದು ತಗೊಂಡು ಎರಡನೆಯದು ಬಿಸಾಡುತ್ತದೆ. ಒಂದು ನೆಟ್‌ವರ್ಕ್ ಪೂರ್ತಿ ಸತ್ತರೂ ಒಂದು ಮಿಲಿಸೆಕೆಂಡ್ ಕೂಡ ನಷ್ಟ ಇಲ್ಲ. ಪಿಆರ್‌ಪಿ ಇದ್ದರೆ ಸ್ಟಾರ್ಮ್ ಬಗ್ಗೆ ಚಿಂತೆಯೇ ಬೇಡ.

ಸ್ವಿಚ್‌ಪೋರ್ಟ್ | 7:48

ಪಿಆರ್‌ಪಿ ಒಳ್ಳೆಯದೇ, ನಾನೂ ಅದನ್ನೇ ಹಾಕಿಸುತ್ತೇನೆ. ಆದರೆ ಕೊನೆಯ ಸಾಲು ತಪ್ಪು. ಎ ನೆಟ್‌ವರ್ಕ್‌ನಲ್ಲಿ ಸ್ಟಾರ್ಮ್ ಎದ್ದರೆ ಆ ಫ್ರೇಮ್‌ಗಳೆಲ್ಲ ರಿಲೇಯ ಎ ಪೋರ್ಟ್‌ಗೆ ಬಂದು ಬಡಿಯುತ್ತಲೇ ಇರುತ್ತವೆ. ಒಳಗಿನ ಪ್ರೊಸೆಸರ್ ಅದನ್ನು ತಡೆದುಕೊಳ್ಳುತ್ತದಾ? ಕೆಲವು ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಬ್ರೌನ್ಸ್ ಫೆರಿಯಲ್ಲಿ ಬಿದ್ದಿದ್ದು ನೆಟ್‌ವರ್ಕ್ ಅಲ್ಲ, ಅದಕ್ಕೆ ಅಂಟಿಕೊಂಡಿದ್ದ ಕಂಟ್ರೋಲರ್. ಅಲ್ಲಿ ಆಮೇಲೆ ಟ್ರಾಫಿಕ್‌ಗೆ ಮಿತಿ ಹಾಕುವ ಫೈರ್‌ವಾಲ್ ಇಟ್ಟರು. ನಾವು ಸ್ವಿಚ್‌ನ ಪ್ರತಿ ಪೋರ್ಟ್‌ಗೂ ರೇಟ್ ಲಿಮಿಟ್ ಹಾಕಬೇಕು. ಖಾಲಿ ಪೋರ್ಟ್ ಎಲ್ಲ ಆಫ್. ಪೋರ್ಟ್ ಆಫ್ ಇದ್ದಿದ್ದರೆ ಆ ಪ್ಯಾಚ್ ಕಾರ್ಡ್ ಚುಚ್ಚಿದಾಗ ಏನೂ ಆಗುತ್ತಿರಲಿಲ್ಲ.

ಇನ್ನೊಂದು. ಪಿಆರ್‌ಪಿಯಲ್ಲಿ ಎ ಮತ್ತು ಬಿ ಸ್ವಿಚ್‌ಗಳು ಯಾವತ್ತೂ ಒಂದಕ್ಕೊಂದು ತಾಗಬಾರದು. ಯಾರಾದರೂ ಎರಡರ ಮಧ್ಯೆ ಒಂದು ಕಾರ್ಡ್ ಹಾಕಿದರೆ ಮೇಲ್ನೋಟಕ್ಕೆ ಎಲ್ಲ ನಡೆಯುತ್ತಲೇ ಇರುತ್ತದೆ. ಆದರೆ ಎರಡು ನೆಟ್‌ವರ್ಕ್ ಹೋಗಿ ಒಂದಾಗಿರುತ್ತದೆ. ರಿಲೇ ಒಳಗೆ ತಪ್ಪು ಲ್ಯಾನ್‌ನಿಂದ ಬಂದ ಫ್ರೇಮ್ ಎಣಿಸುವ ಕೌಂಟರ್ ಇರುತ್ತದೆ. ಅದನ್ನು ಅಲಾರಂ ಪಟ್ಟಿಗೆ ಸೇರಿಸಿ. ಎ ಕಡೆಗೆ ಹಳದಿ ಕಾರ್ಡ್, ಬಿ ಕಡೆಗೆ ನೀಲಿ ಕಾರ್ಡ್ ಅಂತ ಬಣ್ಣ ಬೇರೆ ಮಾಡಿ. ಸಣ್ಣ ವಿಷಯ ಅನ್ನಿಸುತ್ತದೆ, ಬಹಳ ಉಪಯೋಗ.

ಹಳೇ_ಕ್ಯಾರಿಯರ್ | 8:30

ನಿನ್ನೆ ರಾತ್ರಿ ಸ್ವಲ್ಪ ಜೋರಾಗಿ ಬರೆದೆ. ಟೆಸ್ಟ್‌ಕಿಟ್ ಹೇಳಿದ ಇನ್ಸುಲೇಷನ್ ಕಚ್ಚಿದ ಸ್ಕ್ರೂ ನಾನೂ ನೋಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಆದರೆ ಟ್ರಿಪ್ ಸಿಗ್ನಲ್ ತಾಮ್ರ ಬಿಟ್ಟು ಬೇರೆ ದಾರಿಯಲ್ಲಿ ಹೋಗುವುದು ಹೊಸದಲ್ಲ ಅಂತ ಹೊಸ ಹುಡುಗರಿಗೆ ಗೊತ್ತಿರಲಿ. ಪಿಎಲ್‌ಸಿಸಿ (ಪವರ್ ಲೈನ್ ಕ್ಯಾರಿಯರ್ ಕಮ್ಯುನಿಕೇಷನ್) ಕಾಲದಲ್ಲಿ ನಾವು ಹೈ ವೋಲ್ಟೇಜ್ ಲೈನ್ ಮೇಲೇ ಮಾತಾಡುತ್ತಿದ್ದೆವು. ಸ್ವಿಚ್‌ಯಾರ್ಡ್‌ನಲ್ಲಿ ಲೈನ್ ಬರುವ ಕಡೆ ದೊಡ್ಡ ಪೀಪಾಯಿ ಥರ ನೇತಾಡುತ್ತದಲ್ಲ, ಅದು ವೇವ್ ಟ್ರಾಪ್. ಸಾಮಾನ್ಯವಾಗಿ ಅರ್ಧ ಅಥವಾ ಒಂದು ಮಿಲಿಹೆನ್ರಿ ಕಾಯಿಲ್. 50 ಹರ್ಟ್ಸ್ ಕರೆಂಟ್ ಅನ್ನು ಬಿಡುತ್ತದೆ, ಕ್ಯಾರಿಯರ್ ಫ್ರೀಕ್ವೆನ್ಸಿ ಬಸ್ ಕಡೆ ಓಡಿಹೋಗದಂತೆ ತಡೆಯುತ್ತದೆ. ಸಿವಿಟಿಯ (ಲೈನ್ ವೋಲ್ಟೇಜ್ ಅಳೆಯುವ ಟ್ರಾನ್ಸ್‌ಫಾರ್ಮರ್) ಕೆಪ್ಯಾಸಿಟರ್ ಮೂಲಕ ಸಿಗ್ನಲ್ ಲೈನ್‌ಗೆ ಹತ್ತುತ್ತದೆ. 4 ಕಿಲೋಹರ್ಟ್ಸ್ ಜಾಗದಲ್ಲೇ ಮಾತು, ಡೇಟಾ, ಟ್ರಿಪ್ ಎಲ್ಲ ಹಂಚಿಕೊಳ್ಳಬೇಕಿತ್ತು. ಟ್ರಿಪ್ ಬಂದಾಗ ಮಾತು ಕಟ್. ಆಗಲೇ ನಮಗೆ ಪ್ರಯಾರಿಟಿ ಇತ್ತು ನೋಡಿ.

ನಮ್ಮ ದೊಡ್ಡ ಶತ್ರು ಐಸೊಲೇಟರ್, ಅಂದರೆ ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಹೈ ವೋಲ್ಟೇಜ್ ಸ್ವಿಚ್. ಬಸ್ ಐಸೊಲೇಟರ್ ತೆರೆಯುವಾಗ ಆ ಚಟಚಟ ಆರ್ಕ್ ಇಡೀ ಬ್ಯಾಂಡ್ ತುಂಬ ಗಲಾಟೆ ಎಬ್ಬಿಸುತ್ತಿತ್ತು. ಆ ಗಲಾಟೆಯನ್ನು ರಿಸೀವರ್ ಟ್ರಿಪ್ ಅಂತ ತಿಳಿಯಬಾರದು, ನಿಜವಾದ ಟ್ರಿಪ್ ಬಂದರೆ ಬಿಡಲೂ ಬಾರದು. ಆ ಎರಡರ ಮಧ್ಯೆಯೇ ನಮ್ಮ ಅರ್ಧ ಜೀವನ ಕಳೆಯಿತು. ಮೂರು ಕಂಬಿಯಲ್ಲಿ ಯಾವುದಕ್ಕೆ ಕಪ್ಲಿಂಗ್ ಕೊಡಬೇಕು ಅಂತ ದಿನಗಟ್ಟಲೆ ಜಗಳ ಆಡಿದ್ದೇವೆ.

ಹೊಸಬ_22 | 8:44

ಸರ್, ಇದನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ನಮ್ಮ ಯಾರ್ಡ್‌ನಲ್ಲಿ ಆ ಪೀಪಾಯಿ ಇನ್ನೂ ನೇತಾಡುತ್ತಿದೆ. ದಿನಾ ನೋಡುತ್ತಿದ್ದೆ, ಏನು ಅಂತ ಗೊತ್ತಿರಲಿಲ್ಲ.

ಲೈನ್_87 | 9:30

ಸಬ್‌ಸ್ಟೇಷನ್ ಒಳಗಿನ ನೆಟ್‌ವರ್ಕ್ ಬಗ್ಗೆ ಎಲ್ಲರೂ ಹೇಳಿದರು. ನಾನು ಎರಡು ಸಬ್‌ಸ್ಟೇಷನ್ ನಡುವಿನದು ಹೇಳುತ್ತೇನೆ. ಬೇ_ನಂಬರ್_4, ನಿಮ್ಮಲ್ಲಿ ಲೈನ್ ಡಿಫರೆನ್ಷಿಯಲ್ (ಲೈನ್‌ನ ಎರಡು ತುದಿಯ ಕರೆಂಟ್ ಹೋಲಿಸಿ, ವ್ಯತ್ಯಾಸ ಕಂಡರೆ ಟ್ರಿಪ್ ಮಾಡುವ ಪ್ರೊಟೆಕ್ಷನ್) ಇದ್ದರೆ ಇದನ್ನು ತಪ್ಪದೆ ಓದಿ.

ಎರಡು ತುದಿಯ ರಿಲೇಗಳು ತಮ್ಮ ಕರೆಂಟ್ ಅಳತೆಯನ್ನು ಒಂದಕ್ಕೊಂದು ಕಳಿಸುತ್ತವೆ. ಹೋಲಿಸಬೇಕಾದರೆ ಎರಡೂ ಒಂದೇ ಕ್ಷಣದ ಅಳತೆ ಆಗಿರಬೇಕು. ಅದಕ್ಕೆ ಸಾಮಾನ್ಯ ಉಪಾಯ, ಮೆಸೇಜ್ ಹೋಗಿ ಬರಲು ಹಿಡಿದ ಸಮಯ ಅಳೆದು ಅರ್ಧ ಮಾಡುವುದು. ಹೋಗುವ ದಾರಿ, ಬರುವ ದಾರಿ ಎರಡೂ ಒಂದೇ ಉದ್ದ ಇದೆ ಅನ್ನುವ ನಂಬಿಕೆ ಮೇಲೆ ಈ ಲೆಕ್ಕ ನಿಂತಿದೆ.

ನಮ್ಮಲ್ಲಿ ಎಸ್‌ಡಿಎಚ್ ಅನ್ನುವ ಹಳೇ ಫೈಬರ್ ನೆಟ್‌ವರ್ಕ್ ಬದಲಿಸಿ ಹೊಸ ಪ್ಯಾಕೆಟ್ ನೆಟ್‌ವರ್ಕ್ ಹಾಕಿದರು. ಒಂದು ರಾತ್ರಿ ಸುಮ್ನೆ ರಿಲೇಯ ಮೀಟರಿಂಗ್ ಪುಟ ನೋಡುತ್ತಿದ್ದೆ. ಲೈನ್ ಆರಾಮಾಗಿ ಲೋಡ್ ಹೊತ್ತಿತ್ತು, ಆದರೆ ಡಿಫರೆನ್ಷಿಯಲ್ ಕರೆಂಟ್ ಸೊನ್ನೆ ಇರಲಿಲ್ಲ. ಲೋಡ್‌ನ ಮೂರನೇ ಒಂದು ಭಾಗದ ಹತ್ತಿರ ತೋರಿಸುತ್ತಿತ್ತು. ಕೊನೆಗೆ ಸಿಕ್ಕಿದ್ದು ಏನು ಅಂದರೆ, ಹೋಗುವುದು ಒಂದು ದಾರಿಯಲ್ಲಿ, ಬರುವುದು ಸುತ್ತು ಹಾಕಿಕೊಂಡು ಇನ್ನೊಂದು ದಾರಿಯಲ್ಲಿ. ವ್ಯತ್ಯಾಸ 2 ಮಿಲಿಸೆಕೆಂಡ್. ಅರ್ಧ ಮಾಡಿದರೆ 1 ಮಿಲಿಸೆಕೆಂಡ್ ತಪ್ಪು. 50 ಹರ್ಟ್ಸ್‌ನಲ್ಲಿ 1 ಮಿಲಿಸೆಕೆಂಡ್ ಅಂದರೆ 18 ಡಿಗ್ರಿ. ಅಷ್ಟು ಕೋನ ತಪ್ಪಿದರೆ ಇಲ್ಲದ 31 ಶೇಕಡಾ ಕರೆಂಟ್ ಹುಟ್ಟಿಕೊಳ್ಳುತ್ತದೆ. ಲೋಡ್ ಕಡಿಮೆ ಇತ್ತು, ಅದಕ್ಕೆ ಟ್ರಿಪ್ ಆಗಿರಲಿಲ್ಲ. ಬೆಳಿಗ್ಗೆ ಲೋಡ್ ಏರಿದ್ದರೆ ಏನಾಗುತ್ತಿತ್ತೋ.

ಕಮ್ಯುನಿಕೇಷನ್ ಟೀಮ್‌ನವರು ಲಿಂಕ್ ಅಪ್ ಇದೆ, ಎರರ್ ಇಲ್ಲ, ತಡವೂ ಕಡಿಮೆ ಅಂದರು. ಅವರ ಕಡೆಯಿಂದ ಅದು ನಿಜವೇ. ಹೋಗುವ ತಡ, ಬರುವ ತಡ ಒಂದೇ ಇರಬೇಕು ಅಂತ ಅವರಿಗೆ ನಾವು ಬರೆದು ಕೊಟ್ಟಿರಲಿಲ್ಲ.

ಸ್ವಿಚ್‌ಪೋರ್ಟ್ | 9:52

ಇದಕ್ಕೆ ಎರಡು ದಿಕ್ಕಿಗೂ ಒಂದೇ ದಾರಿ ಅಂತ ನೆಟ್‌ವರ್ಕ್‌ನಲ್ಲಿ ಕಟ್ಟಿಹಾಕಬೇಕು. ಒಂದು ಕಡೆ ಫೈಬರ್ ತುಂಡಾದರೆ ಎರಡು ದಿಕ್ಕೂ ಒಟ್ಟಿಗೇ ಬದಲಾಗಬೇಕು. ನಿಜಕ್ಕೂ ಒಳ್ಳೆಯ ಉದಾಹರಣೆ ಕೊಟ್ಟಿರಿ.

ಪೋರ್ಟ್_ಮಿರರ್ | 10:10

ಅಥವಾ ಎರಡೂ ಕಡೆ ಜಿಪಿಎಸ್ ಗಡಿಯಾರ ಇಟ್ಟರೆ ಆಯಿತಲ್ಲ.

ಲೈನ್_87 | 10:25

ಟ್ರಿಪ್ ಅನ್ನು ಜಿಪಿಎಸ್ ಮೇಲೆ ನಿಲ್ಲಿಸುವ ಮೊದಲು ಹತ್ತು ಸಲ ಯೋಚಿಸುತ್ತೇನೆ. 2016ರ ಜನವರಿ 26ರಂದು ಹಳೇ ಉಪಗ್ರಹ ಒಂದನ್ನು ಸೇವೆಯಿಂದ ತೆಗೆಯುವಾಗ ತಪ್ಪು ಡೇಟಾ ಹೋಗಿ, ಕೆಲವು ಜಿಪಿಎಸ್ ಗಡಿಯಾರಗಳ ಸಮಯ ಸುಮಾರು 13 ಮೈಕ್ರೋಸೆಕೆಂಡ್ ಜಾರಿತ್ತು. ಲೈನ್ ಡಿಫರೆನ್ಷಿಯಲ್‌ಗೆ ಅಷ್ಟು ಏನೂ ಅಲ್ಲ, ಕಾಲು ಡಿಗ್ರಿ ಚೂರು. ಆದರೆ ಆಂಟೆನಾ ಕೇಬಲ್‌ಗೆ ನೀರು ಇಳಿಯುವುದು, ಸಿಡಿಲು ಬಡಿಯುವುದು ಇದೆಲ್ಲ ನಮ್ಮಲ್ಲೇ ಆಗುವಂಥದ್ದು. ಜಿಪಿಎಸ್ ಹೋದರೆ ರಿಲೇ ಏನು ಮಾಡುತ್ತದೆ ಅಂತ ಆಂಟೆನಾ ಕಿತ್ತು ಪರೀಕ್ಷೆ ಮಾಡಿ ನೋಡಿರಬೇಕು.

ಬೇ_ನಂಬರ್_4 | 1:05

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಬೇಲಿ ಪಕ್ಕದ ಕಂಬದ ಮಾತನ್ನು ಇವತ್ತೇ ಮೀಟಿಂಗ್‌ನಲ್ಲಿ ಹೇಳಿದೆ. ಒಬ್ಬರು ಕೇಳಿದರು: ಇದೆಲ್ಲ ಈಥರ್ನೆಟ್ ತಂದ ಕಾಟ, ಸೀರಿಯಲ್ ಲಿಂಕ್‌ಗಳನ್ನು (ಎರಡು ಉಪಕರಣದ ನಡುವಿನ ಹಳೇ ಬಗೆಯ ನೇರ ಡೇಟಾ ಲಿಂಕ್) ಹಾಗೇ ಇಟ್ಟುಕೊಂಡರೆ ಯಾರೂ ಒಳಗೆ ಬರಲಾಗುವುದಿಲ್ಲ ಅಲ್ವಾ ಅಂತ. ಏನು ಹೇಳಲಿ?

ಡಿಸಿಎಸ್_ಡೆಸ್ಕ್ | 2:20

ಯುಕ್ರೇನ್ ಉದಾಹರಣೆ ಕೊಡಿ. 2015ರ ಡಿಸೆಂಬರ್ 23ರಂದು ಅಲ್ಲಿ ದಾಳಿಕೋರರು ಆಪರೇಟರ್‌ಗಳ ಕಂಪ್ಯೂಟರ್ ಮೂಲಕವೇ ಬ್ರೇಕರ್ ತೆರೆದರು. ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ತೆರೆದು ಸುಮ್ಮನಾಗಲಿಲ್ಲ. ಸಬ್‌ಸ್ಟೇಷನ್‌ಗಳಲ್ಲಿದ್ದ ಸೀರಿಯಲ್‌ನಿಂದ ಈಥರ್ನೆಟ್‌ಗೆ ಬದಲಿಸುವ ಪುಟ್ಟ ಡಬ್ಬಿಗಳ ಫರ್ಮ್‌ವೇರ್ ಅನ್ನೇ ಹಾಳು ಮಾಡಿದರು. ಹಿಂದಿದ್ದ ಉಪಕರಣ ಸೀರಿಯಲ್ಲೇ, ಆದರೆ ಅದನ್ನು ತಲುಪುವ ಸೇತುವೆ ಮುರಿದಿತ್ತು. ಕಂಟ್ರೋಲ್ ರೂಮ್‌ನಿಂದ ಬ್ರೇಕರ್ ಹಾಕಲು ಆಗಲಿಲ್ಲ. ಜನ ಗಾಡಿ ಹತ್ತಿ ಒಂದೊಂದು ಸಬ್‌ಸ್ಟೇಷನ್‌ಗೂ ಹೋಗಿ ಕೈಯಿಂದ ಹಾಕಿದರು. ಕೆಲವೇ ಗಂಟೆಯಲ್ಲಿ ಕರೆಂಟ್ ವಾಪಸ್ ಬಂತು ಅಂದರೆ ಕೈಯಿಂದ ಹಾಕುವುದು ಗೊತ್ತಿದ್ದ ಜನ ಇದ್ದರು ಅನ್ನುವ ಕಾರಣಕ್ಕೆ.

ಮರುವರ್ಷ ಡಿಸೆಂಬರ್‌ನಲ್ಲಿ ಕೀವ್ ಹತ್ತಿರದ ಒಂದು ಸಬ್‌ಸ್ಟೇಷನ್ ಮೇಲೆ ಬಂದ ಮಾಲ್‌ವೇರ್ ಇನ್ನೂ ಮುಂದೆ ಹೋಗಿತ್ತು. ಅದಕ್ಕೆ ನಮ್ಮ ಉಪಕರಣಗಳ ಭಾಷೆಯೇ ಬರುತ್ತಿತ್ತು. ಐಇಸಿ 101, 104, 61850 ಎಲ್ಲಕ್ಕೂ ಅದರಲ್ಲಿ ಬೇರೆ ಬೇರೆ ಭಾಗ ಇದ್ದವು. 101 ಅಂದರೆ ಸೀರಿಯಲ್ಲೇ.

ಗೂಸ್ ವಿಷಯಕ್ಕೂ ಇದು ಅನ್ವಯಿಸುತ್ತದೆ. ಸಾಮಾನ್ಯ ಗೂಸ್‌ಗೆ ಸಹಿ ಇಲ್ಲ. ಅದೇ ಲ್ಯಾನ್‌ಗೆ ಸೇರಿದವರು ಸ್ಟೇಟ್ ನಂಬರ್ ಹೆಚ್ಚಿಸಿ ಸುಳ್ಳು ಮೆಸೇಜ್ ಬಿಟ್ಟರೆ ರಿಲೇ ನಂಬುವ ಸಾಧ್ಯತೆ ಇದೆ. ಸಹಿ ಹಾಕುವ ವಿಧಾನ ಐಇಸಿ 62351ರಲ್ಲಿದೆ, ಆದರೆ ನಿಮ್ಮ ರಿಲೇ ಅದನ್ನು ಮಾಡುತ್ತದಾ ಅಂತ ಕೇಳಿ ನೋಡಿ. ಮಾಡದಿದ್ದರೆ ಆ ಲ್ಯಾನ್‌ಗೆ ಯಾರು ಸೇರುತ್ತಾರೆ ಅನ್ನುವುದೊಂದೇ ನಿಮಗಿರುವ ಬೀಗ.

ಟೆಸ್ಟ್‌ಕಿಟ್ | 3:40

ವಿಷಯ ಬೇರೆ, ಆದರೆ ಪ್ರಾಜೆಕ್ಟ್ ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ. ಟೆಸ್ಟಿಂಗ್‌ನಲ್ಲಿ ಐಸೊಲೇಷನ್ (ಟೆಸ್ಟ್ ಮಾಡುವ ರಿಲೇ ನಿಜವಾದ ಬ್ರೇಕರ್ ಹೊಡೆಯದಂತೆ ಬೇರ್ಪಡಿಸುವುದು) ಹೇಗೆ ಅಂತ ಈಗಲೇ ಬರೆಸಿಕೊಳ್ಳಿ. ತಾಮ್ರದಲ್ಲಿ ಟ್ರಿಪ್ ಲಿಂಕ್ ತೆಗೆದರೆ ಮುಗಿಯಿತು, ಕಣ್ಣಿಗೆ ಕಾಣುತ್ತದೆ. ಗೂಸ್‌ನಲ್ಲಿ ತೆಗೆಯಲು ಲಿಂಕ್ ಇಲ್ಲ. ಫೈಬರ್ ಎಳೆದರೆ ಆ ರಿಲೇ ಕೊಡುತ್ತಿದ್ದ ಬೇರೆ ಸಿಗ್ನಲ್‌ಗಳೂ ಹೋಗುತ್ತವೆ. ಟೆಸ್ಟ್ ಮೋಡ್ ಇದೆ. ಮೆಸೇಜ್ ಜೊತೆ ಇದು ಟೆಸ್ಟ್ ಅನ್ನುವ ಗುರುತು ಹೋಗುತ್ತದೆ, ಕೇಳುವ ರಿಲೇ ಅದನ್ನು ಕಂಡು ಬ್ರೇಕರ್ ಹೊಡೆಯಬಾರದು. ಬೇರೆ ಬೇರೆ ಕಂಪನಿಯ ರಿಲೇ ಇದ್ದರೆ ಪ್ರತಿ ಜೋಡಿಯನ್ನೂ ಕಮಿಷನಿಂಗ್‌ನಲ್ಲೇ ಪರೀಕ್ಷೆ ಮಾಡಿ. ಲೈವ್ ಸ್ಟೇಷನ್‌ನಲ್ಲಿ ಮೊದಲ ಸಲ ಪ್ರಯತ್ನಿಸುವ ವಿಷಯ ಅಲ್ಲ ಇದು.

ಹಳೇ_ಕ್ಯಾರಿಯರ್ | 4:15

ಲಿಂಕ್ ತೆಗೆದು ಜೇಬಿಗೆ ಹಾಕಿಕೊಂಡರೆ ಬರುವ ಧೈರ್ಯ ಬೇರೆ. ಅದನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಕೊನೆಯ ಟ್ರಿಪ್ ಸರ್ಕ್ಯೂಟ್‌ನಲ್ಲಾದರೂ, ಬೇ ರಿಲೇಯಿಂದ ಬ್ರೇಕರ್ ಕಾಯಿಲ್‌ಗೆ, ಕೈಯಲ್ಲಿ ತೆಗೆಯುವ ಒಂದು ಲಿಂಕ್ ಇಟ್ಟುಕೊಳ್ಳಿ.

ಟೆಸ್ಟ್‌ಕಿಟ್ | 4:18

ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ ಸರ್.

ಫೀಲ್ಡ್‌ಬಸ್_ಗೆಳತಿ | 6:02

ಡಿಸಿಎಸ್ ಮೇಡಂ ಕೇಳಿದ "ಎರಡು ಎಲ್ಲಿ ಒಂದಾಗುತ್ತದೆ" ಅನ್ನುವ ಮಾತಿಗೆ ನನ್ನದೊಂದು. ನಮ್ಮ ಪ್ಲಾಂಟ್‌ನಲ್ಲಿ ಪ್ರೊಫಿಬಸ್ (ಉಪಕರಣಗಳನ್ನು ಒಂದೇ ಕೇಬಲ್ ಸಾಲಿನಲ್ಲಿ ಜೋಡಿಸುವ ನೆಟ್‌ವರ್ಕ್) ಲೈನ್ ಒಂದರಲ್ಲಿ ವಾಲ್ವ್‌ಗಳು ಒಂದೊಂದಾಗಿ ಫೇಲ್ ತೋರಿಸುತ್ತಿದ್ದವು. ಎರಡು ದಿನ ಕಾರ್ಡ್ ಬದಲಿಸಿದೆವು, ಕೇಬಲ್ ಬದಲಿಸಿದೆವು. ಆಮೇಲೆ ಗೊತ್ತಾಯಿತು, ಸಾಲಿನ ಕೊನೆಯ ಉಪಕರಣವನ್ನು ಮೇಂಟೆನೆನ್ಸ್‌ಗೆ ಅಂತ ಪವರ್ ಆಫ್ ಮಾಡಿದ್ದರು. ಆ ಬಸ್‌ನ ಟರ್ಮಿನೇಷನ್‌ಗೆ (ಸಾಲಿನ ತುದಿಯಲ್ಲಿ ಸಿಗ್ನಲ್ ವಾಪಸ್ ಪುಟಿಯದಂತೆ ತಡೆಯುವ ರೆಸಿಸ್ಟರ್) ಕರೆಂಟ್ ಬರುತ್ತಿದ್ದದ್ದು ಅದೇ ಉಪಕರಣದಿಂದ. ಒಂದು ಡಬ್ಬಿ ಆಫ್ ಮಾಡಿದರೆ ಇಡೀ ಸಾಲಿಗೆ ಕಾಯಿಲೆ.

ಅದಕ್ಕೇ ಹೇಳುವುದು. ನೆಟ್‌ವರ್ಕ್ ಡ್ರಾಯಿಂಗ್ ಜೊತೆಗೆ ಪವರ್ ಸಪ್ಲೈ ಡ್ರಾಯಿಂಗ್ ಇಟ್ಟುಕೊಂಡು ನೋಡಿ. ನಿಮ್ಮ ಎ ಸ್ವಿಚ್‌ಗೆ ಕರೆಂಟ್ ಎಲ್ಲಿಂದ? ಬಿ ಸ್ವಿಚ್‌ಗೆ ಎಲ್ಲಿಂದ? ಡ್ರಾಯಿಂಗ್ ಮೇಲೆ ಅಲ್ಲ, ಪ್ಯಾನೆಲ್ ಹಿಂದೆ ಬಗ್ಗಿ, ವೈರ್ ಹಿಡಿದುಕೊಂಡು ಹೋಗಿ ನೋಡಿ.

ಸ್ವಿಚ್‌ಪೋರ್ಟ್ | 6:10

ಇದೇ ಇವತ್ತಿನ ಅತ್ಯುತ್ತಮ ಸಲಹೆ. ಹಾಗೇ ಫೈಬರ್ ಯಾವ ಟ್ರೆಂಚ್‌ನಲ್ಲಿ ಹೋಗುತ್ತದೆ ಅಂತಲೂ ನೋಡಿ. ಎ ಮತ್ತು ಬಿ ಒಂದೇ ಟ್ರೆಂಚ್‌ನಲ್ಲಿ ಇದ್ದರೆ ಒಂದೇ ಇಲಿ ಎರಡನ್ನೂ ಕಡಿಯುತ್ತದೆ.

ಬೇ_ನಂಬರ್_4 | ಗುರುವಾರ, ರಾತ್ರಿ 8:35

ಇವತ್ತು ಮಧ್ಯಾಹ್ನ ಹೊಸ ಸಿಸ್ಟಮ್‌ನ ಡ್ರಾಯಿಂಗ್ ಹಿಡಿದು ಕೂತೆ. ಬಿಡಿ ಬಿಡಿಯಾಗಿ ನೋಡಿದರೆ ಎಲ್ಲ ಚೆನ್ನಾಗಿದೆ. ಎ ಸ್ವಿಚ್‌ಗಳು ಒಂದು ಪ್ಯಾನೆಲ್, ಬಿ ಸ್ವಿಚ್‌ಗಳು ಪಕ್ಕದ ಪ್ಯಾನೆಲ್. ಪ್ರತಿ ಸ್ವಿಚ್‌ಗೂ ಎರಡು ಪವರ್ ಸಪ್ಲೈ. ಬ್ಯಾಟರಿ ಬ್ಯಾಂಕ್ ಕೂಡ ಎರಡಿದೆ. ಆಮೇಲೆ ಟರ್ಮಿನಲ್ ಪುಟ ತೆಗೆದೆ. ಡಿಸಿ ಬೋರ್ಡ್‌ನಿಂದ ಎ ಪ್ಯಾನೆಲ್‌ಗೆ ಒಂದು ಎಂಸಿಬಿ. ಅಲ್ಲಿಂದಲೇ ಲೂಪ್ ಮಾಡಿ ಬಿ ಪ್ಯಾನೆಲ್‌ಗೆ. ಒಂದೇ ಎಂಸಿಬಿ, 16 ಆಂಪಿಯರ್. ಎರಡನೇ ಬ್ಯಾಂಕ್‌ನಿಂದ ಒಂದು ವೈರ್ ಕೂಡ ಇಲ್ಲ. ಆ ಎಂಸಿಬಿ ಬಿದ್ದರೆ ಎ ಇಲ್ಲ, ಬಿ ಇಲ್ಲ.

ಅದೇ ಪುಟ ಹಿಡಿದುಕೊಂಡು ಹೋಗಿ ತೋರಿಸಿದೆ. ಯಾರೂ ವಾದ ಮಾಡಲಿಲ್ಲ. ಬಿ ಪ್ಯಾನೆಲ್‌ಗೆ ಎರಡನೇ ಬ್ಯಾಟರಿಯಿಂದ ಬೇರೆ ಫೀಡರ್ ಅಂತ ತಿದ್ದಿಸಿದ್ದಾರೆ. ಕ್ಯಾಮೆರಾ ಮತ್ತು ಫೋನ್‌ಗೆ ಬೇರೆ ಸ್ವಿಚ್, ಬೇರೆ ಪ್ಯಾನೆಲ್ ಅಂತಲೂ ಆಯಿತು. ಆಫೀಸ್ ಕಂಪ್ಯೂಟರ್ ಮಾತೇ ಬರಲಿಲ್ಲ. ಖಾಲಿ ಪೋರ್ಟ್‌ಗಳನ್ನು ಈಗಿರುವ ಸ್ಕಾಡಾ ಸ್ವಿಚ್‌ನಲ್ಲೂ ಇವತ್ತೇ ಆಫ್ ಮಾಡಿದ್ದೇವೆ.

ಫೀಲ್ಡ್‌ಬಸ್_ಗೆಳತಿ | 8:41

ಅಬ್ಬಾ! ಪೇಪರ್ ಮೇಲೆ ಇರುವಾಗಲೇ ಸಿಕ್ಕಿತಲ್ಲ, ತುಂಬಾ ಖುಷಿ ಆಯಿತು.

ಹಳೇ_ಕ್ಯಾರಿಯರ್ | 9:05

ಒಳ್ಳೆಯ ಕೆಲಸ ಮಾಡಿದಿರಿ. ಇನ್ನೊಂದೇ ಒಂದು ನೋಡಿ. ಪ್ರತಿ ಸ್ವಿಚ್ ಹಿಂದೆ ಒಂದು ಫೇಲ್ ಕಾಂಟ್ಯಾಕ್ಟ್ ಇರುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ನೆಟ್‌ವರ್ಕ್ ಸತ್ತಿದೆ ಅಂತ ಹೇಳುವ ಅಲಾರಂ ಅದೇ ನೆಟ್‌ವರ್ಕ್ ಮೇಲೆ ಬರುವ ಹಾಗಿದ್ದರೆ ಯಾರಿಗೂ ಕೇಳಿಸುವುದಿಲ್ಲ. ಆ ಒಂದನ್ನು ತಾಮ್ರದಲ್ಲೇ ಅನೌನ್ಸಿಯೇಟರ್‌ಗೆ (ಅಲಾರಂ ದೀಪಗಳ ಪ್ಯಾನೆಲ್) ಎಳೆಯಿರಿ.

ಬೇ_ನಂಬರ್_4 | 9:30

ಸರ್, ಈಗ ಡ್ರಾಯಿಂಗ್ ನೋಡಿದೆ. ಫೇಲ್ ಕಾಂಟ್ಯಾಕ್ಟ್‌ನ ಎರಡೂ ಟರ್ಮಿನಲ್ ಖಾಲಿ ಬಿಟ್ಟಿದ್ದಾರೆ. ಹಳೇ ಅನೌನ್ಸಿಯೇಟರ್‌ನಲ್ಲಿ ನಾಲ್ಕು ಕಿಟಕಿ ಖಾಲಿ ಇವೆ. ನಾಳೆ ಬೆಳಿಗ್ಗೆ ಕೇಬಲ್ ಷೆಡ್ಯೂಲ್‌ಗೆ ಸೇರಿಸುತ್ತೇನೆ.